ಗಾಲಿಯ ಮೇಲಿನ ಮನೆಗೆ ಚಕ್ಕಡಿಯ ಪಾಠ

ಭರತ ಹುಣ್ಣಿಮೆ ಹತ್ತಿರ ಬಂತೆಂದರೆ ಐರಣಿ, ರಾಣೇಬೆನ್ನೂರು ಸೀಮೆಯ ಹಳ್ಳಿಗಳಲ್ಲಿ ಚಕ್ಕಡಿಗಳಿಗೆ ಕಮಾನು ಏರುತ್ತಿತ್ತು. ಬಿದಿರಿನ ಗಳ ಬಾಗಿಸಿ, ತಟ್ಟಿ ಕಟ್ಟಿ, ಮೇಲೆ ಜಮಖಾನ ಹೊದಿಸುತ್ತಿದ್ದರು. ಒಳಗೆ ಹುಲ್ಲಿನ ಹಾಸು, ಅದರ ಮೇಲೆ ಕಂಬಳಿ. ಒಂದು ಮೂಲೆಯಲ್ಲಿ ರೊಟ್ಟಿ ಬುತ್ತಿ, ಇನ್ನೊಂದು ಮೂಲೆಯಲ್ಲಿ ನೀರಿನ ಕೊಡ. ತುಂಗಭದ್ರೆಯ ಆಚೆ ದಂಡೆಯ ಮೈಲಾರ ಜಾತ್ರೆಗೆ ಹೋಗಿ, ಕಾರಣಿಕ ಕೇಳಿ ಮರಳುವವರೆಗೆ ಇಡೀ ಮನೆಮಂದಿಗೆ ಆ ಚಕ್ಕಡಿಯೇ ಮನೆ. ಈಗ ಅದರ ಜಾಗಕ್ಕೆ ಬಹುಮಟ್ಟಿಗೆ ಟ್ರ್ಯಾಕ್ಟರ್ ಬಂದಿದೆ. ಆದರೆ ಗಾಲಿಯ ಮೇಲೆ ಮನೆ ಕಟ್ಟುವ ವಿದ್ಯೆ ನಮಗೆ ಹೊಸದಲ್ಲ ಎಂಬುದನ್ನು ಮೊದಲು ನೆನಪಿಡೋಣ.

ಇದನ್ನು ಹೇಳಲು ಕಾರಣವಿದೆ. ಹಳೆಯ ಲಾರಿ ಕೊಂಡು, ಅದರ ಮೇಲೆ ಮಲಗುವ ಕೋಣೆ, ಅಡುಗೆ ಕಟ್ಟೆ ಮಾಡಿಕೊಂಡು, ರಸ್ತೆಯಿಲ್ಲದ ಕಾಡುಮೇಡು ಸುತ್ತುವ ಪರದೇಶದವರ ಚಿತ್ರಗಳನ್ನು ಹುಡುಗರು ಮೊಬೈಲಿನಲ್ಲಿ ನೋಡುತ್ತಾರೆ. "ಸರ್, ನಾವೂ ಮಾಡಬಹುದಲ್ಲ?" ಎಂದು ಕೇಳುತ್ತಾರೆ. "ಮೊದಲು ಪಾಸಾಗು" ಎಂದು ಪಾಲಕರು ಬಾಯಿ ಮುಚ್ಚಿಸುತ್ತಾರೆ. ನನ್ನ ಮಟ್ಟಿಗೆ ಇವೆರಡೂ ಬೇರೆ ಬೇರೆ ಮಾತಲ್ಲ. ಅಂಥ ಲಾರಿಗೆ ಬೇಕಾದ ವಿಜ್ಞಾನದ ಹೆಚ್ಚಿನ ಭಾಗ ಪ್ರೌಢಶಾಲೆಯ ಪುಸ್ತಕದಲ್ಲೇ ಇದೆ. ವೆಲ್ಡಿಂಗ್ ಅಂಗಡಿಗೆ ಹೋಗುವ ಮೊದಲು ಆ ಲೆಕ್ಕ ಮುಗಿದಿರಬೇಕು, ಅಷ್ಟೇ.

ಮೊದಲು ತೂಕ

ಪ್ರತಿ ಸರಕು ವಾಹನಕ್ಕೂ ಇಂತಿಷ್ಟೇ ಒಟ್ಟು ತೂಕ ಎಂಬ ಮಿತಿ ಇರುತ್ತದೆ. ನೋಂದಣಿ ಪತ್ರದಲ್ಲೇ ಅದನ್ನು ಕಾಣಬಹುದು. ಅದರಿಂದ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದೇ ನಿಮ್ಮ ಮನೆಯ ಪಾಲು. ಈಗ ಕೂಡಿಸಿ ನೋಡಿ. ನೂರು ಲೀಟರ್ ನೀರೆಂದರೆ 100 ಕೆಜಿ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕೆಜಿ, ದೊಡ್ಡ ಬ್ಯಾಟರಿ 50 ಕೆಜಿ ಆಸುಪಾಸು. ಎಂಟಡಿ ಉದ್ದ, ನಾಲ್ಕಡಿ ಅಗಲ, 19 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಲಗೆ ಒಂದಕ್ಕೆ ಸುಮಾರು 35 ಕೆಜಿ. ಹತ್ತು ಹಲಗೆಗೆ 350. ನಾಲ್ಕು ಜನರಿಗೆ 260 ಕೆಜಿ ಹಿಡಿಯಿರಿ. ಕಬ್ಬಿಣದ ಪೈಪು, ಹಾಸಿಗೆ, ಪಾತ್ರೆ ಸೇರುವ ಮೊದಲೇ 790 ಕೆಜಿ ಆಯಿತು!

ಲೆಕ್ಕ ಸರಿಯೋ ತಪ್ಪೋ ನೋಡಲು ಬ್ಯಾಡಗಿಯಂಥ ಮಾರುಕಟ್ಟೆ ಊರುಗಳಲ್ಲಿ ಲಾರಿ ತೂಗುವ ವೇಬ್ರಿಜ್ ಇರುತ್ತದೆ. ಒಮ್ಮೆ ಇಡೀ ಗಾಡಿ ತೂಗಿಸಿ. ಇನ್ನೊಮ್ಮೆ ಹಿಂದಿನ ಗಾಲಿಗಳನ್ನಷ್ಟೇ ಕಟ್ಟೆಯ ಮೇಲೆ ನಿಲ್ಲಿಸಿ. ಒಟ್ಟು ತೂಕದಲ್ಲಿ ಹಿಂದಿನ ಅಚ್ಚಿನ ಪಾಲೆಷ್ಟು ಎಂಬುದು ತಿಳಿದರೆ, ಗುರುತ್ವ ಕೇಂದ್ರ ಎರಡು ಅಚ್ಚುಗಳ ನಡುವೆ ಎಲ್ಲಿದೆ ಎಂಬುದೂ ತಿಳಿಯಿತು. ತಕ್ಕಡಿಯ ಪಾಠವೇ ಇದು.

ಎತ್ತರದ ಅಪಾಯ

ಗುರುತ್ವ ಕೇಂದ್ರ ಎಷ್ಟು ಎತ್ತರದಲ್ಲಿದೆ ಎಂಬುದು ಇನ್ನೂ ಮುಖ್ಯ. ಎಡ-ಬಲ ಗಾಲಿಗಳ ನಡುವಿನ ಅಂತರ ಒಂದೂವರೆ ಮೀಟರ್ ಎಂದಿಟ್ಟುಕೊಳ್ಳಿ. ಕೇಂದ್ರ ನೆಲದಿಂದ 0.9 ಮೀಟರ್ ಎತ್ತರದಲ್ಲಿದ್ದರೆ, ನಿಂತ ಗಾಡಿ ಸುಮಾರು 40 ಡಿಗ್ರಿ ಪಕ್ಕಕ್ಕೆ ವಾಲುವವರೆಗೆ ಮಗುಚುವುದಿಲ್ಲ. ಮಾಳಿಗೆಯ ಮೇಲೆ ನೀರಿನ ಟ್ಯಾಂಕು, ಸ್ಟೆಪ್ನಿ, ಡಬ್ಬಿಗಳನ್ನು ಏರಿಸಿ ಕೇಂದ್ರವನ್ನು 1.5 ಮೀಟರಿಗೆ ಒಯ್ದರೆ 27 ಡಿಗ್ರಿಗೂ ಮೊದಲೇ ಉರುಳುತ್ತದೆ. 20 ಮೀಟರ್ ತ್ರಿಜ್ಯದ ತಿರುವಿನಲ್ಲಿ ಮೊದಲನೆಯ ಗಾಡಿ ಮಗುಚುವ ವೇಗ ಗಂಟೆಗೆ ಸುಮಾರು 46 ಕಿಲೋಮೀಟರ್. ಎರಡನೆಯದು 36ಕ್ಕೇ ಮಗುಚುತ್ತದೆ. ಸ್ಪ್ರಿಂಗು, ಟೈರು ಬಾಗುವುದನ್ನು ಬಿಟ್ಟು ಹಾಕಿದ ಲೆಕ್ಕವಿದು; ಕುಣಿ ದಿಣ್ಣೆಯ ದಾರಿಯಲ್ಲಿ ಅಪಾಯ ಇನ್ನೂ ಮೊದಲೇ ಬರುತ್ತದೆ. ಚಕ್ಕಡಿಯಲ್ಲಿ ಚೀಲಗಳೂ ಜನರೂ ಕೆಳಗೆ, ಹಗುರವಾದ ಬಿದಿರು ಮಾತ್ರ ಮೇಲೆ. ನಮ್ಮ ಹಿರಿಯರು ಸೂತ್ರ ಬರೆದಿರಲಿಲ್ಲ, ಆದರೆ ಭಾರ ಎಲ್ಲಿರಬೇಕೆಂಬುದು ಗೊತ್ತಿತ್ತು.

ಮೂರು ಕಾಲಿನ ಮಣೆ

ಅಂಕುಡೊಂಕು ನೆಲದ ಮೇಲೆ ನಾಲ್ಕು ಕಾಲಿನ ಸ್ಟೂಲು ಕುಂಟುತ್ತದೆ. ಮೂರು ಕಾಲಿನದು ಕುಂಟುವುದಿಲ್ಲ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ ಎಂಬ ರೇಖಾಗಣಿತವೇ ಇದಕ್ಕೆ ಕಾರಣ. ಚಕ್ಕಡಿಯ ಭಾರವೂ ಮೂರು ಕಡೆ ನಿಲ್ಲುತ್ತದೆ: ಎರಡು ಗಾಲಿ, ಒಂದು ನೊಗ. ಆದ್ದರಿಂದಲೇ ಹೊಲದ ಬದು ಹತ್ತಿ ಇಳಿದರೂ ಅದರ ಮೈ ತಿರುಚುವುದಿಲ್ಲ.

ನಾಲ್ಕು ಗಾಲಿಯ ಲಾರಿಯ ಪಾಡು ಬೇರೆ. ಒಂದು ಗಾಲಿ ಹಳ್ಳಕ್ಕಿಳಿದು ಇನ್ನೊಂದು ಗುಂಡು ಹತ್ತಿದಾಗ ಅದರ ಚಾಸಿಸ್ ಹಿಂಡಿದ ಬಟ್ಟೆಯಂತೆ ತಿರುಚುತ್ತದೆ. ಅದು ದೋಷವಲ್ಲ, ಹಾಗೆ ಬಾಗಲೆಂದೇ ಅದನ್ನು ಮಾಡಿರುತ್ತಾರೆ. ಅದರ ಮೇಲೆ ಗಡುಸಾದ ಕೋಣೆಯನ್ನು ಎಲ್ಲ ಕಡೆ ಬೋಲ್ಟ್ ಹಾಕಿ ಬಿಗಿದರೆ ಕೋಣೆ ಬಿರುಕು ಬಿಡುತ್ತದೆ, ಇಲ್ಲವೇ ಚಾಸಿಸ್ ಸೀಳುತ್ತದೆ. ಎರಡನೇ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಬೇಸಾಯಕ್ಕೆಂದು ರೂಪಿಸಿದ, 1951ರಿಂದ ಡೈಮ್ಲರ್-ಬೆಂಜ್ ತಯಾರಿಸುತ್ತ ಬಂದ ಯುನಿಮಾಗ್ ಎಂಬ ಗಾಡಿಯ ಹೆಸರು ಕೇಳಿರಬಹುದು. ಗಾಲಿಮನೆ ಕಟ್ಟುವವರಿಗೆ ಅದು ಬಹಳ ಪ್ರಿಯ. ಅದರ ಮೇಲೆ ಕೋಣೆ ಕೂರಿಸುವಾಗ ಮೂರು ಬಿಂದುಗಳ ಆಧಾರ ಕೊಟ್ಟು, ಒಂದು ತುದಿಯನ್ನು ತಿರುಗಣಿಯಂತೆ ಆಡಲು ಬಿಡುತ್ತಾರೆ. ಕೆಳಗಿನ ಚಾಸಿಸ್ ತಿರುಚಿದರೂ ಮೇಲಿನ ಮನೆ ನೆಟ್ಟಗಿರುತ್ತದೆ. ಚಕ್ಕಡಿಯ ಉಪಾಯವೇ ಅಲ್ಲವೇ?

ಉಸಿರಿನ ದಾರಿ

ಚಕ್ಕಡಿಯ ಕಮಾನು ಹಿಂದೆ ಮುಂದೆ ಎರಡೂ ಕಡೆ ತೆರೆದಿರುತ್ತದೆ. ಲಾರಿಯ ಕೋಣೆ ಹಾಗಲ್ಲ. ದೂಳು, ಮಳೆ, ಚಳಿ ಬಾರದಿರಲೆಂದು ಸಂದಿಯೆಲ್ಲ ಮುಚ್ಚುತ್ತಾರೆ. ಪಾಲಕರು ಗಮನಿಸಬೇಕಾದ ಸಂಗತಿ ಇದೇ. ಮುಚ್ಚಿದ ಜಾಗದಲ್ಲಿ ಇದ್ದಿಲಾಗಲಿ ಗ್ಯಾಸಾಗಲಿ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಅಡುಗೆ ಅನಿಲ ಸೋರಿದರೆ ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ತಂಗುತ್ತದೆ. ಆದ್ದರಿಂದ ಎಂದೂ ಮುಚ್ಚಲಾಗದ ಗಾಳಿಕಿಂಡಿ ಒಂದು ಮೇಲೆ, ಒಂದು ನೆಲದ ಮಟ್ಟದಲ್ಲಿ ಬೇಕೇ ಬೇಕು. ಕಿಂಡಿ ಇದೆಯೆಂದು ಒಳಗೆ ಇದ್ದಿಲು ಹೊತ್ತಿಸಿ ಮಲಗುವ ಮಾತು ಮಾತ್ರ ಎಂದಿಗೂ ಬೇಡ.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾಲೀಕರು ವಾಹನವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಹಾಗಾಗಿ ಮೊದಲ ಬೋಲ್ಟ್ ಹಾಕುವ ಮುನ್ನ ನಕ್ಷೆ ಹಿಡಿದು ಆರ್‌ಟಿಓ ಕಚೇರಿಗೆ ಹೋಗಿ ಕೇಳಬೇಕು. ಜಾತ್ರೆಗೆ ಟ್ರೇಲರ್‌ನಲ್ಲಿ ಮಂದಿ ತುಂಬಿ ಹೋಗುವವರಿಗೂ ಒಂದು ಮಾತು: ಅದು ಸರಕು ಹೊರಲು ಇರುವುದು. ತಾಡಪತ್ರಿ ಕಟ್ಟಿದ ಮಾತ್ರಕ್ಕೆ ಅದು ಬಸ್ಸಾಗುವುದಿಲ್ಲ.

ವಿದ್ಯಾರ್ಥಿಗಳೇ, ಈ ಭಾನುವಾರ ಒಂದು ಕೆಲಸ ಮಾಡಿ. ಖಾಲಿ ಬೆಂಕಿಪೊಟ್ಟಣವನ್ನು ಹಲಗೆಯ ಮೇಲೆ ಅದರ ಕಿರಿದಾದ ತುದಿಯ ಮೇಲೆ ನಿಲ್ಲಿಸಿ. ಅದು ಜಾರದಂತೆ ಬುಡಕ್ಕೆ ಒಂದು ಕಡ್ಡಿ ಅಂಟಿಸಿ. ನಾಲ್ಕು ನಾಣ್ಯಗಳನ್ನು ಮೊದಲು ಒಳಗೆ ಕೆಳಗಡೆ ಅಂಟಿಸಿ, ಹಲಗೆಯನ್ನು ನಿಧಾನವಾಗಿ ಓರೆ ಮಾಡಿ. ಮಗುಚುವಾಗಿನ ಕೋನವನ್ನು ಕೋನಮಾಪಕದಿಂದ ಅಳೆಯಿರಿ. ಆಮೇಲೆ ನಾಣ್ಯಗಳನ್ನು ಮೇಲ್ತುದಿಗೆ ಅಂಟಿಸಿ ಮತ್ತೆ ಅಳೆಯಿರಿ. ಎರಡೂ ಕೋನಗಳನ್ನು ಬರೆದಿಡಿ.

ಪಾಲಕರೇ, ಮಗ ಅಥವಾ ಮಗಳು ಗಾಲಿಮನೆಯ ಮಾತೆತ್ತಿದರೆ ಗದರಬೇಡಿ, ಹಣವನ್ನೂ ಕೊಡಬೇಡಿ. ತೂಕದ ಪಟ್ಟಿ, ಗುರುತ್ವ ಕೇಂದ್ರದ ಲೆಕ್ಕ, ಗಾಳಿಕಿಂಡಿಯ ನಕ್ಷೆ, ಈ ಮೂರನ್ನೂ ಬರೆದು ತರಲು ಹೇಳಿ. ತಂದರೆ, ಅವರ ಪಕ್ಕದಲ್ಲಿ ಕುಳಿತು ಓದಿ.