ಮಾತ್ರೆ ಕೊಟ್ಟಿದ್ದಾಯ್ತು, ನುಂಗಿದ್ದೆಷ್ಟು?

ಬೀಚನಹಳ್ಳಿಯ ಕಬಿನಿ ಜಲಾಶಯದಲ್ಲಿ ನೀರು ಎಷ್ಟಡಿ ಇದೆ ಅಂತ ಮಳೆಗಾಲದಲ್ಲಿ ಪೇಪರ್‌ನಲ್ಲಿ ನೋಡುತ್ತಲೇ ಇರುತ್ತೇವೆ. 2,284 ಅಡಿ ಮುಟ್ಟಿದರೆ ಎಲ್ಲರಿಗೂ ಖುಷಿ. ಆದರೆ ನಾಲೆಯ ಕೊನೆಯ ಗದ್ದೆಗೆ ನೀರು ಹೋಯ್ತಾ ಅನ್ನೋದು ಬೇರೆಯೇ ಲೆಕ್ಕ. ಬಸುರಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯ ಕಥೆಯೂ ಇದೇ. ಎಚ್.ಡಿ. ಕೋಟೆಯ ಹಾಡಿಯ ಹೆಣ್ಣುಮಗಳಿರಲಿ, ಮೈಸೂರಿನ ನರ್ಸಿಂಗ್ ಹೋಮ್‌ಗೆ ಹೋಗುವ ನಮ್ಮ ಮನೆ ಸೊಸೆಯಿರಲಿ, ಕೊಟ್ಟ ಮಾತ್ರೆಗೆ ಲೆಕ್ಕ ಇರುತ್ತೆ. ಹೊಟ್ಟೆಗೆ ಹೋದ ಮಾತ್ರೆಗೆ ಯಾರ ಲೆಕ್ಕ?

ಸರ್ಕಾರ 2018ರಲ್ಲಿ ಶುರು ಮಾಡಿದ 'ಅನೀಮಿಯಾ ಮುಕ್ತ ಭಾರತ'ದ ಪ್ರಕಾರ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ ಮಾತ್ರೆ ತಗೋಬೇಕು. ಬಾಣಂತಿಯಾದ ಮೇಲೂ 180 ದಿನ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ತಾಯಂದಿರನ್ನು ಕೇಳಿದಾಗ, ಗರ್ಭಿಣಿಯಾಗಿದ್ದಾಗ 100 ದಿನವಾದರೂ ತಗೊಂಡೆ ಅಂದವರು ನೂರಕ್ಕೆ 44 ಮಂದಿ. 180 ದಿನ ಪೂರೈಸಿದವರು ಬರೀ 26! ಅದೂ ನೆನಪಿನಿಂದ ಹೇಳಿದ್ದು. ಹೆರಿಗೆಯಾಗಿ ವರ್ಷಗಳಾದ ಮೇಲೆ ಎಷ್ಟು ದಿನ ನುಂಗಿದೆ ಅಂತ ಯಾರಿಗೆ ಸರಿಯಾಗಿ ನೆನಪಿರುತ್ತೆ, ನೀವೇ ಹೇಳಿ. ಅದೇ ಸಮೀಕ್ಷೆಯಲ್ಲಿ ನೂರು ಗರ್ಭಿಣಿಯರಲ್ಲಿ 52 ಮಂದಿಗೆ ರಕ್ತಹೀನತೆ.

ಮಾತ್ರೆ ಡಬ್ಬಿಯಲ್ಲೇ ಉಳಿಯೋದು ಸೋಮಾರಿತನದಿಂದಲ್ಲ. ವಾಕರಿಕೆ, ಮಲಬದ್ಧತೆ, ಮಲ ಕಪ್ಪಾಗೋದು. ಜತೆಗೆ 'ಮಗು ಕಪ್ಪಾಗುತ್ತೆ', 'ಮಗು ದಪ್ಪವಾಗಿ ಹೆರಿಗೆ ಕಷ್ಟ' ಅನ್ನುವ ಹಿರಿಯರ ಮಾತು. ಮಲ ಕಪ್ಪಾಗೋದು ಕಬ್ಬಿಣಾಂಶದಿಂದ, ಹೆದರಬೇಕಿಲ್ಲ. ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧವೇ ಇಲ್ಲ. ಇದನ್ನು ಮಾತ್ರೆ ಕೈಗಿಡುವಾಗಲೇ ಯಾರಾದರೂ ಕೂರಿಸಿಕೊಂಡು ಹೇಳಬೇಕು. 2017ರ ಅಕ್ಟೋಬರ್‌ನಲ್ಲಿ ರಾಜ್ಯದಲ್ಲೆಲ್ಲ ಶುರುವಾದ ಮಾತೃಪೂರ್ಣ ಯೋಜನೆಯ ಹಿಂದಿದ್ದ ಯೋಚನೆ ನನಗೆ ಇಷ್ಟವಾಗೋದು ಇದಕ್ಕೇ: ಅಂಗನವಾಡಿಯಲ್ಲೇ ಬಿಸಿಯೂಟ, ಊಟವಾದ ಮೇಲೆ ಅಲ್ಲೇ ಮಾತ್ರೆ.

ಮನೆಯಲ್ಲೂ ಈ ಲೆಕ್ಕ ಇಡೋದು ಕಷ್ಟವೇನಲ್ಲ:

* ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲೇ ಮಾತ್ರೆಗೂ ಒಂದು ಟಿಕ್ ಹಾಕಿ.
* ಖಾಲಿ ಸ್ಟ್ರಿಪ್ ಎಸೆಯದೆ ತಾಯಿ ಕಾರ್ಡ್ ಜತೆ ಇಟ್ಟು, ಮುಂದಿನ ತಪಾಸಣೆಗೆ ಒಯ್ಯಿರಿ.
* ಕಾಫಿ, ಟೀ ಜತೆ ಬೇಡ. ನಿಂಬೆ ಪಾನಕ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಕನಿಷ್ಠ ಎರಡು ಗಂಟೆ ಅಂತರವಿರಲಿ.
* ವಾಕರಿಕೆ ಬಂದರೆ ರಾತ್ರಿ ಊಟದ ನಂತರ ತಗೊಳ್ಳಿ. ಆಗಲೂ ಆಗದಿದ್ದರೆ ಡಾಕ್ಟರಿಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಆಶಾ ಕಾರ್ಯಕರ್ತೆಯರ ರಿಜಿಸ್ಟರ್‌ನಲ್ಲಿ 'ಕೊಟ್ಟದ್ದು' ಪಕ್ಕದಲ್ಲಿ 'ತಗೊಂಡದ್ದು' ಅಂತ ಖಾಲಿ ಸ್ಟ್ರಿಪ್ ನೋಡಿ ಬರೆಯುವಂತಾಗಲಿ. ಬಾಕಿ ಉಳಿದಿದ್ದರೆ ಬೈಯೋದಲ್ಲ, ಯಾಕಮ್ಮ ಅಂತ ಕೇಳಬೇಕು. ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಬಸುರಿಯಾಗಿದ್ದರೆ, 'ಮಾತ್ರೆ ಕೊಟ್ರಾ?' ಅನ್ನೋದರ ಜತೆಗೆ 'ನುಂಗಿದ್ಯಾ, ಹೊಟ್ಟೆಗೆ ಒಗ್ಗುತ್ತಾ?' ಅಂತ ನಾವೂ ಕೇಳೋಣ.