ಮೂಳೆ ಬಿಡಿಸಿದ ಮೇಲೆ ಸಹಜವೆಲ್ಲಿ?

‘ಕಾಡಿನಲ್ಲಿ ಸಿಂಹಕ್ಕೆ ಯಾರು ಮಾತ್ರೆ ಕೊಡುತ್ತಾರೆ?’ ಸಾಕಿದ ಬೆಕ್ಕಿಗೆ ಹಸಿಮಾಂಸ ಹಾಕುವ ನನ್ನ ಗೆಳೆಯರ ಬಳಿ ಈ ಪ್ರಶ್ನೆ ಸದಾ ಸಿದ್ಧವಿರುತ್ತದೆ. ಟಾರಿನ್, ಕ್ಯಾಲ್ಸಿಯಮ್ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಇದೇ ಪ್ರಶ್ನೆ. ಉತ್ತರ ಕಷ್ಟದ್ದೇನಲ್ಲ. ಸಿಂಹ ಅಂಗಡಿಗೆ ಹೋಗಿ ಅರ್ಧ ಕೆಜಿ ಬೋನ್‌ಲೆಸ್ ಕೊಡಿ ಎಂದು ಕೇಳುವುದಿಲ್ಲ.

‘ಸಹಜ’ ಎಂಬ ಪದದ ಬೆನ್ನು ಹತ್ತಿ ಪಿಎಚ್‌ಡಿ ಮಾಡುತ್ತಿರುವವಳು ನಾನು. ಜೊತೆಯಲ್ಲಿ ಹುಟ್ಟಿದ್ದು ಎಂಬುದು ಅದರ ಮೂಲ ಅರ್ಥ. ಹಾಗಾದರೆ ಮಾಂಸದ ಜೊತೆಯಲ್ಲಿ ಹುಟ್ಟಿದ್ದು ಏನೇನು? ಮೂಳೆ, ರಕ್ತ, ಗುಂಡಿಗೆ, ಲಿವರ್, ಮಿದುಳು. ಇಲಿ ಹಿಡಿದ ಬೆಕ್ಕಿನ ಹೊಟ್ಟೆಗೆ ಇವೆಲ್ಲ ಸೇರುತ್ತವೆ. ಕೋಳಿಯ ಎದೆಭಾಗದ ತುಂಡಿನಲ್ಲಿ ಇವು ಯಾವುವೂ ಇಲ್ಲ. ಬರೀ ಮಾಂಸದಲ್ಲಿ ಕ್ಯಾಲ್ಸಿಯಮ್‌ಗಿಂತ ರಂಜಕ 15ರಿಂದ 20 ಪಟ್ಟು ಹೆಚ್ಚು. ಬೆಕ್ಕಿಗೆ ಇವೆರಡೂ ಹೆಚ್ಚುಕಡಿಮೆ ಸಮವಾಗಿ ಬೇಕು. ಊಟದಲ್ಲಿ ಸಿಗದ ಕ್ಯಾಲ್ಸಿಯಮ್ಮನ್ನು ದೇಹ ತನ್ನ ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಬೆಳೆಯುವ ಮರಿಯಾದರೆ ಸುಮ್ಮನೆ ಜಿಗಿದರೂ ಕಾಲು ಮುರಿಯಬಹುದು.

ಟಾರಿನ್ನನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಕೊರತೆಯಾದರೆ ಅಕ್ಷಿಪಟ ಹಾಳಾಗುತ್ತದೆಂದು 1975ರಲ್ಲಿ, ಹೃದಯದ ಸ್ನಾಯು ಸೋಲುತ್ತದೆಂದು 1987ರಲ್ಲಿ ವಿಜ್ಞಾನಿಗಳು ತೋರಿಸಿದರು. ಗುಂಡಿಗೆಯಲ್ಲಿ ಟಾರಿನ್ ಧಾರಾಳ, ಎದೆಭಾಗದ ಬಿಳಿ ಮಾಂಸದಲ್ಲಿ ಕಡಿಮೆ. 1987ರ ಆ ಬೆಕ್ಕುಗಳು ತಿನ್ನುತ್ತಿದ್ದದ್ದು ಕಂಪನಿಗಳ ಆಹಾರವನ್ನೇ ಅಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ನಿಜ. ಆದರೆ ಕಂಪನಿ ತಪ್ಪಿದ ಮಾತ್ರಕ್ಕೆ ನಮ್ಮ ಅಡುಗೆಮನೆ ಸರಿಯಾಗಿಬಿಡುವುದಿಲ್ಲ. ಅವರು ಆಮೇಲೆ ಟಾರಿನ್ ಹೆಚ್ಚಿಸಿ ತಿದ್ದಿಕೊಂಡರು. ನಾವು ಅಳೆಯುವುದೇ ಇಲ್ಲ.

ಹಸಿಮಾಂಸದ ಪರ ಎಲ್ಲರೂ ಎತ್ತುವ ಹೆಸರು ಕ್ಯಾಲಿಫೋರ್ನಿಯಾದ ವೈದ್ಯ ಫ್ರಾನ್ಸಿಸ್ ಪಾಟೆಂಜರ್. 1932ರಿಂದ 1942ರವರೆಗೆ ಆತ ನಡೆಸಿದ ಪ್ರಯೋಗದಲ್ಲಿ ಹಸಿ ತಿಂದ ಬೆಕ್ಕುಗಳು ಚೆನ್ನಾಗಿದ್ದವು, ಬೇಯಿಸಿದ್ದು ತಿಂದವು ತಲೆಮಾರಿನಿಂದ ತಲೆಮಾರಿಗೆ ಸೊರಗಿದವು. ಬೆಕ್ಕಿಗೆ ಟಾರಿನ್ ಬೇಕೇಬೇಕೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಗೆಳೆಯರು ಹೇಳದೆ ಬಿಡುವ ಸಂಗತಿ ಇನ್ನೊಂದಿದೆ. ಆ ಗಟ್ಟಿಮುಟ್ಟಾದ ಬೆಕ್ಕುಗಳಿಗೆ ಮಾಂಸದ ಜೊತೆ ಹಾಲನ್ನೂ ಕಾಡ್ ಮೀನಿನ ಲಿವರ್ ಎಣ್ಣೆಯನ್ನೂ ಕೊಡಲಾಗುತ್ತಿತ್ತು. ಪೂರಕ ಬೇಡವೆನ್ನುವವರ ಮೂಲಪುರುಷನೇ ಪೂರಕ ಕೊಡುತ್ತಿದ್ದ!

ಹಾಗೆಂದು ಕಣ್ಣಳತೆಯಲ್ಲಿ ದಿನವೂ ಲಿವರ್ ಸುರಿಯುವುದೂ ಪರಿಹಾರವಲ್ಲ. ವಿಟಮಿನ್ ಎ ಮಿತಿಮೀರಿದರೆ ಕತ್ತಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇನ್ನು ಹಸಿಕೋಳಿಯ ಸಾಲ್ಮೊನೆಲ್ಲಾವನ್ನಂತೂ ಯಾವ ಪುಡಿಯೂ ಕೊಲ್ಲುವುದಿಲ್ಲ. ಹಸಿಮಾಂಸವನ್ನೇ ಹಾಕುತ್ತೇನೆ ಎನ್ನುವವರು ಪಶುವೈದ್ಯರಿಂದ ಲೆಕ್ಕ ಬರೆಸಿಕೊಳ್ಳಲಿ, ತಕ್ಕಡಿ ಇಟ್ಟುಕೊಳ್ಳಲಿ, ಅವರು ಹೇಳಿದ ಪೂರಕಗಳನ್ನು ಬೆರೆಸಲಿ. ಅಷ್ಟು ತಾಳ್ಮೆ ಇಲ್ಲದವರು ಪ್ರಕೃತಿಯ ಹೆಸರು ಎತ್ತದಿರಲಿ. ಬೆಕ್ಕು ತನ್ನ ನೋವನ್ನು ಸುಲಭಕ್ಕೆ ತೋರಗೊಡುವುದಿಲ್ಲ. ಟಾರಿನ್ ಕೊಟ್ಟರೆ ಸೋತ ಹೃದಯ ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ಹೋದ ಕಣ್ಣು ಮಾತ್ರ ಮರಳುವುದಿಲ್ಲ.