ಹ್ಯೂಸ್ಟನ್ ಡೈರಿ – 31: ಯಾವ ಕಂಪನಿ ಎಸಿ ಅಂತ ಕೇಳಿದವರಿಗೆಲ್ಲ

ನಮ್ಮನೆ ಎಸಿ ಕೊನೇ ದಿನ ಎಣಿಸ್ತಿದೆ ಅಂತ ಕಳೆದ ಸಲ ಬರೆದಿದ್ದೆನಲ್ಲ, ಊರಿಂದ ಬಂದ ಉತ್ತರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: "ಯಾವ ಕಂಪನಿದು ತಗೋತೀಯ?" ಚಿಕ್ಕಪ್ಪ ಮಾತ್ರ, "ಒಂದು ಎಸಿಗೆ ಹತ್ತು ಲಕ್ಷವಾ? ಚಿನ್ನದಲ್ಲಿ ಮಾಡ್ತಾರಾ?" ಅಂದ್ರು.

ಚಿಕ್ಕಪ್ಪ, ಊರಲ್ಲಿ ಎಸಿ ಅಂದ್ರೆ ಒಂದು ರೂಮಿಗೆ ಗೋಡೆ ಮೇಲೊಂದು ಡಬ್ಬ. ಇಲ್ಲಿ ಇಡೀ ಮನೆಗೆ ಒಂದೇ. ಹಿತ್ತಲಲ್ಲಿ ಕಂಪ್ರೆಸರ್ ಇರೋ ದೊಡ್ಡ ಪೆಟ್ಟಿಗೆ, ಅಟ್ಟದ ಮೇಲೆ ಕಾಯಿಲ್ ಮತ್ತು ಬ್ಲೋವರ್, ಅಲ್ಲಿಂದ ಒಂದೊಂದು ಕೋಣೆಗೂ ಡಕ್ಟ್. ಆಗಸ್ಟಿನಲ್ಲಿ ಇಲ್ಲಿ 37-38 ಡಿಗ್ರಿ, ಜೊತೆಗೆ ಸಮುದ್ರದ ಕಡೆಯ ತೇವ. ನೈಟ್ ಶಿಫ್ಟ್ ಮುಗಿಸಿ ಬಂದು ನಾನು ಮಲಗೋದೇ ಬಿಸಿಲೇರುವ ಹೊತ್ತಿಗೆ. ಅತ್ತೆಗೆ 78, ಬಿಪಿಗೆ ಅಂತ ಮೂತ್ರ ಹೋಗೋ ಮಾತ್ರೆ ತಗೋತಾರೆ. ಅಂಥವರಿಗೆ ಸೆಕೆಯಲ್ಲಿ ಮೈಯ ನೀರು-ಉಪ್ಪು ಬೇಗ ಇಳಿದುಹೋಗುತ್ತೆ. ಅಂಥ ಅಜ್ಜ-ಅಜ್ಜಿಯರನ್ನ ಪ್ರತಿ ಬೇಸಿಗೆ ನಮ್ಮ ವಾರ್ಡಿನಲ್ಲಿ ನೋಡ್ತೀನಿ. ಹಾಗಾಗಿ ಇದು ಶೋಕಿ ಮಾತಲ್ಲ.

ನಮ್ಮದು 2009ರ ಮಷೀನು, ಆರ್-22 ಗ್ಯಾಸಿಂದು. ಕಾಯಿಲ್ ಸೋರ್ತಿದೆ. ಎಸಿ ಗ್ಯಾಸು ಕಾರಿನ ಪೆಟ್ರೋಲಿನ ಹಾಗೆ ಖರ್ಚಾಗೋ ವಸ್ತು ಅಲ್ಲ. ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಸೋರ್ತಿದೆ ಅಂತಲೇ ಅರ್ಥ. ರಕ್ತ ಸೋರೋ ಜಾಗ ಮುಚ್ಚದೆ ಬಾಟಲಿ ಮೇಲೆ ಬಾಟಲಿ ಏರಿಸಿದ್ರೆ ಪೇಶೆಂಟ್ ಉಳಿಯಲ್ಲ. ಅದೂ ಅಲ್ಲದೆ 2020ರಿಂದ ಅಮೆರಿಕದಲ್ಲಿ ಹೊಸ ಆರ್-22 ತಯಾರಿಕೆ, ಆಮದು ಎರಡೂ ನಿಂತಿವೆ. ಹಳೇ ಮಷೀನುಗಳಿಂದ ತೆಗೆದು ಶುದ್ಧ ಮಾಡಿದ್ದು, ಹಳೇ ದಾಸ್ತಾನು, ಅಷ್ಟೇ ಸಿಗೋದು. ರಿಪೇರಿ ಯೋಚನೆ ಅಲ್ಲಿಗೇ ಬಿಟ್ಟೆವು.

ಈಗ ಕಂಪನಿ ವಿಷಯ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಎಸಿ ಎಷ್ಟು ವರ್ಷ ಬಾಳುತ್ತೆ ಅನ್ನೋದನ್ನ ಪೆಟ್ಟಿಗೆ ಮೇಲಿನ ಹೆಸರಿಗಿಂತ ಅದನ್ನ ಕೂರಿಸೋ ದಿನವೇ ಹೆಚ್ಚು ತೀರ್ಮಾನ ಮಾಡುತ್ತೆ. ಇಲ್ಲಿ ಕ್ಯಾರಿಯರ್, ಬ್ರಯಂಟ್ ಒಂದೇ ಮನೆತನ. ಟ್ರೇನ್, ಅಮೆರಿಕನ್ ಸ್ಟ್ಯಾಂಡರ್ಡ್ ಇನ್ನೊಂದು. ಗುಡ್‌ಮನ್ನನ್ನ 2012ರಲ್ಲಿ ಡೈಕಿನ್ ಕೊಂಡುಕೊಂಡಿತು. ಕಂಪ್ರೆಸರನ್ನ ಎಷ್ಟೋ ಕಂಪನಿಗಳು ಹೊರಗಿಂದ ತರಿಸ್ತವೆ. ಒಂದೇ ಮನೆಯ ಅಣ್ಣ-ತಮ್ಮಂದಿರಲ್ಲಿ ಯಾರು ಒಳ್ಳೆಯವನು ಅಂತ ಜಗಳ ಆಡಿದ ಹಾಗಾಗುತ್ತೆ ಅಷ್ಟೆ.

ಮೂರು ಜನರನ್ನ ಕರೆಸಿ ರೇಟ್ ಕೇಳಿದೆವು. ಮೊದಲನೆಯವನು ಹಳೇ ಮಷೀನಿನ ಲೇಬಲ್ ನೋಡಿ "5 ಟನ್" ಅಂತ ಬರೆದುಕೊಂಡು ಹೋದ. ಎರಡನೆಯವನು ಮನೆ ಎಷ್ಟು ಚದರಡಿ ಅಂತ ಕೇಳಿದ, ಅವನೂ 5 ಟನ್ ಅಂದ. ಮೂರನೆಯವನು ಎರಡು ಗಂಟೆ ಹೊತ್ತು ಕಿಟಕಿ ಅಳೆದ, ಯಾವ ಗೋಡೆ ಪಶ್ಚಿಮಕ್ಕಿದೆ ನೋಡಿದ, ಅಟ್ಟ ಹತ್ತಿ ಇನ್ಸುಲೇಷನ್ ದಪ್ಪ ನೋಡಿದ. ಮ್ಯಾನ್ಯುಯಲ್ ಜೆ ಅಂತ ಒಂದು ಲೆಕ್ಕ ಇದೆ, ಅದನ್ನ ಮಾಡಿ 3.5 ಟನ್ ಸಾಕು ಅಂದ. ಒಂದು ಟನ್ ಅಂದ್ರೆ ಗಂಟೆಗೆ 12,000 ಬಿಟಿಯು ಶಾಖ ತೆಗೆಯೋ ಶಕ್ತಿ.

ದೊಡ್ಡದಿದ್ರೆ ಒಳ್ಳೇದೇ ಅಲ್ವಾ ಅಂತ ನಮ್ಮವರೂ ಕೇಳಿದ್ರು. ಅಲ್ಲ. ದೊಡ್ಡ ಮಷೀನು ಹತ್ತೇ ನಿಮಿಷದಲ್ಲಿ ತಣ್ಣಗೆ ಮಾಡಿ ನಿಂತುಬಿಡುತ್ತೆ, ಗಾಳಿಯ ತೇವ ತೆಗೆಯೋಕೆ ಅದಕ್ಕೆ ಪುರುಸೊತ್ತೇ ಇರಲ್ಲ. ಮನೆ ತಣ್ಣಗಿದ್ರೂ ಆಷಾಢದ ಮಳೇಲಿ ಒಣಗದ ಬಟ್ಟೆ ಉಟ್ಟ ಹಾಗೆ ಮೈಯೆಲ್ಲ ಅಂಟಂಟು. ಜೊತೆಗೆ ಪದೇ ಪದೇ ನಿಂತು ಹೊರಡೋದ್ರಿಂದ ಕಂಪ್ರೆಸರಿಗೆ ಪೆಟ್ಟು. ಬೋರ್‌ವೆಲ್ ಮೋಟರ್ ಇಟ್ಟುಕೊಂಡಿರೋ ಅಣ್ಣಂದಿರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಆ ಮೂರನೆಯವನೇ ಡಕ್ಟಿನ ಒತ್ತಡವನ್ನೂ ಅಳೆದ. ಬ್ಲೋವರ್ ತಾಳಬೇಕಾದ್ದು 0.5, ನಮ್ಮಲ್ಲಿದ್ದದ್ದು 0.9. ನನಗೆ ತಕ್ಷಣ ಅರ್ಥ ಆಯ್ತು, ಇದು ಮನೆಯ ಬಿಪಿ! ರಕ್ತನಾಳ ಕಿರಿದಾಗಿರೋವಾಗ ಹೊಸ ಹೃದಯ ತಂದಿಟ್ರೆ ಅದಕ್ಕೂ ಅದೇ ಗತಿ. ಇಲ್ಲಿನ ಸಾಧಾರಣ ಮನೆಗಳಲ್ಲಿ ಡಕ್ಟಿನ ಗಾಳಿ ನೂರಕ್ಕೆ 20-30 ಪಾಲು ಸೋರಿಹೋಗುತ್ತೆ ಅಂತ ಸರ್ಕಾರದ ಎನರ್ಜಿ ಸ್ಟಾರ್‌ನವರೇ ಹೇಳ್ತಾರೆ. ನಾವು ದುಡ್ಡು ಕೊಟ್ಟು ಅಟ್ಟಕ್ಕೆ ಎಸಿ ಹಾಕಿಸ್ತಿರೋದು ಅನ್ನಿ.

ನಮ್ಮವರಿಗೆ ಇನ್ವರ್ಟರ್ ಥರದ ಮಷೀನಿನ ಮೇಲೆ ಕಣ್ಣಿತ್ತು. ಅದು ಬೇಕಾದಷ್ಟೇ ನಿಧಾನಕ್ಕೆ ಓಡುತ್ತೆ, ತೇವ ಚೆನ್ನಾಗಿ ತೆಗೆಯುತ್ತೆ, ಸದ್ದಿಲ್ಲ, ಕರೆಂಟ್ ಉಳಿಯುತ್ತೆ. ಎಲ್ಲ ನಿಜ. ಆದ್ರೆ ಅದರ ಬೋರ್ಡು ಆ ಕಂಪನಿಯದ್ದೇ ಆಗಬೇಕು. ಆಗಸ್ಟಿನಲ್ಲಿ ಅದು ಸುಟ್ರೆ ಪಾರ್ಟ್ ಬರೋವರೆಗೆ ಅತ್ತೆಯನ್ನ ಎಲ್ಲಿ ಮಲಗಿಸಲಿ? ಸಾದಾ ಮಷೀನಿನಲ್ಲಿ ಸಾಮಾನ್ಯವಾಗಿ ಹೋಗೋದು ಕೆಪಾಸಿಟರ್. ಊರಿನ ಪಂಪ್‌ಸೆಟ್ಟಲ್ಲೂ ಅದೇ ತಾನೆ ಹೋಗೋದು? ಯಾವ ಮೆಕ್ಯಾನಿಕ್ ವ್ಯಾನಲ್ಲೂ ಸಿಗುತ್ತೆ, ಅರ್ಧ ಗಂಟೆ ಕೆಲಸ. ನಾನು ಎರಡು ವೇಗದ ಮಷೀನಿಗೆ ಹಟ ಹಿಡಿದೆ. ಬಾಳಿಕೆ ಅಂದ್ರೆ ಕೆಡದೇ ಇರೋದು ಮಾತ್ರ ಅಲ್ಲ, ಕೆಟ್ಟಾಗ ಬೇಗ ಏಳೋದೂ ಸೇರಿದೆ.

ಗ್ಯಾಸಿನದ್ದು ಇನ್ನೊಂದು ಕಥೆ. 2025ರಿಂದ ಇಲ್ಲಿ ಮನೆಗಳಿಗೆ ಆರ್-410ಎ ಮಷೀನು ಮಾಡೋದು ನಿಂತಿದೆ. ಹೊಸದರಲ್ಲಿ ಆರ್-454ಬಿ ಅಥವಾ ಆರ್-32. ಅವು ಸ್ವಲ್ಪ ಬೆಂಕಿ ಹಿಡಿಯೋ ಜಾತಿ ಅಂತ ಹೆದರಿಸಿ ಒಬ್ಬ ಉಳಿದಿದ್ದ ಹಳೇ ಸ್ಟಾಕನ್ನ ಕಮ್ಮಿ ರೇಟಿಗೆ ಕೊಡೋಕೆ ನೋಡಿದ. ಆರ್-22ಗೆ ಏನಾಯ್ತು ಅಂತ ನಮ್ಮ ಹಿತ್ತಲಲ್ಲೇ ಕಾಣಿಸ್ತಿರೋವಾಗ ನಾನ್ಯಾಕೆ ತಗೊಳ್ಳಲಿ?

ಮೂರನೆಯವನಿಗೇ ಕೆಲಸ ಕೊಟ್ಟಿದ್ದೀವಿ. ಡಕ್ಟ್ ಸರಿಪಡಿಸೋದೂ ಸೇರಿ 12,400 ಡಾಲರ್. ಮೂವರಲ್ಲಿ ಕಮ್ಮಿ ರೇಟ್ ಇವನದ್ದಲ್ಲ. ಎರಡು ಮಾತು ಬರವಣಿಗೆಯಲ್ಲಿ ತಗೊಂಡಿದ್ದೀನಿ: ತಾಮ್ರದ ಪೈಪ್ ಬೆಸುಗೆ ಹಾಕೋವಾಗ ಒಳಗೆ ನೈಟ್ರೋಜನ್ ಹರಿಸಬೇಕು, ಇಲ್ಲದಿದ್ರೆ ಒಳಗೆ ಕರೀ ಪುಡಿ ಕಟ್ಟುತ್ತೆ, ಗ್ಯಾಸ್ ಬಿಡೋ ಮುಂಚೆ 500 ಮೈಕ್ರಾನಿಗಿಂತ ಕೆಳಗೆ ವ್ಯಾಕ್ಯೂಮ್ ಎಳೆದು ಮೀಟರ್ ನನಗೆ ತೋರಿಸಬೇಕು. ಪಾರ್ಟಿಗೆ ಹತ್ತು ವರ್ಷ ವಾರಂಟಿ, ಆದ್ರೆ 60 ದಿನದೊಳಗೆ ನಾವೇ ಆನ್‌ಲೈನಲ್ಲಿ ನೋಂದಾಯಿಸಿದ್ರೆ ಮಾತ್ರ. ಕೂಲಿ ಅದರಲ್ಲಿ ಸೇರಿಲ್ಲ.

ಗುರುವಾರ ಕೆಲಸ. ಹಳೇ ಮಷೀನಿನ ತಾಮ್ರ ಎಷ್ಟಕ್ಕೆ ಹೋಗುತ್ತೆ ಅಂತ ಕೇಳಿದ ಭಾವನವರಿಗೆ: ಅದನ್ನ ಅವರೇ ಒಯ್ತಾರೆ ಭಾವ. ಒಳಗಿನ ಗ್ಯಾಸನ್ನ ಗಾಳಿಗೆ ಬಿಡೋ ಹಾಗಿಲ್ಲ, ಸಿಲಿಂಡರಿಗೆ ಹಿಡಿದು ತಗೊಂಡು ಹೋಗಬೇಕು ಅಂತ ಇಲ್ಲಿ ಕಾನೂನಿದೆ.